ಕೆಂಪು, ನೀಲಿ, ಹಸಿರು ನಾಲ್ಕು ಸಲ ಕಲಿತ ಹುಡುಗಿ

ಹೋದ ತಿಂಗಳು ಓದುಗರ ಪ್ರಶ್ನೆಯೊಂದಕ್ಕೆ ಬರೆದ ಉತ್ತರದ ನಡುವೆ, 2018ರಲ್ಲಿ ಪ್ಯಾಲೆಸ್ಟೀನಿನ ಬೆತ್ಲೆಹೆಮ್ ಪಕ್ಕದ ದಹೇಶಾ ನಿರಾಶ್ರಿತರ ಶಿಬಿರದಲ್ಲಿ ಮೂರು ತಿಂಗಳು ಇದ್ದೆ ಅಂತ ಎರಡು ಸಾಲು ಬರೆದಿದ್ದೆ. ಆ ಎರಡು ಸಾಲಿಗೆ ಬಂದಷ್ಟು ಪತ್ರ ಬೇರೆ ಯಾವುದಕ್ಕೂ ಬಂದಿಲ್ಲ. ಈ ಸಲದ ಅಂಕಣ ಪೂರ್ತಿ ಆ ಪತ್ರಗಳಿಗೇ.

ಪ್ರಶ್ನೆ: ಅಕ್ಕಾ, ನಾನು ಬಿ.ಎಡ್. ಮುಗಿಸಿ ಎರಡು ವರ್ಷ ಇಂಗ್ಲಿಷ್ ಕಲಿಸಿದ್ದೇನೆ. ಪ್ಯಾಲೆಸ್ಟೀನ್ ಮಕ್ಕಳ ವಿಡಿಯೊ ನೋಡಿದರೆ ರಾತ್ರಿ ನಿದ್ದೆ ಬರುವುದಿಲ್ಲ. ಶಿಬಿರದ ಸಮುದಾಯ ಕೇಂದ್ರದಲ್ಲಿ ರಜೆಯಲ್ಲಿ ಎರಡು ವಾರ ಪಾಠ ಹೇಳಿಕೊಡಬೇಕು ಅಂತ ಆಸೆ. ನನ್ನಿಂದ ಏನಾದರೂ ಉಪಯೋಗ ಆಗುತ್ತಾ?
– ಓದುಗಿ, ಶಿವಮೊಗ್ಗ

ಉತ್ತರ: ತಂಗಿ, ನಾನೂ ಇಂಗ್ಲಿಷ್ ಟೀಚರೇ. ಬಣ್ಣದ ಕಾರ್ಡು, ಪ್ರಾಣಿಗಳ ಚಿತ್ರ, ಮೂರು ತಿಂಗಳ ಪಾಠದ ಪಟ್ಟಿ ಎಲ್ಲ ಬ್ಯಾಗಿನಲ್ಲಿ ತುಂಬಿಕೊಂಡು ಹೋಗಿದ್ದೆ. ಮೊದಲನೇ ದಿನ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಮಕ್ಕಳು ಕೇಂದ್ರಕ್ಕೆ ಓಡಿ ಬಂದರು. ಕೆಂಪು ಕಾರ್ಡು ಎತ್ತಿ ಹಿಡಿದೆ. ಒಂಬತ್ತು ವರ್ಷದ ಒಂದು ಹುಡುಗಿ ಕಾರ್ಡನ್ನು ನೋಡಲೇ ಇಲ್ಲ, ನನ್ನನ್ನು ನೋಡಿದಳು. ‘ರೆಡ್, ಬ್ಲೂ, ಗ್ರೀನ್, ಯೆಲ್ಲೋ’ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಆಮೇಲೆ ಬೆರಳು ಮಡಚಿ ಎಣಿಸಿದಳು: ಸ್ಪೇನಿನವಳು ಒಬ್ಬಳು, ಜರ್ಮನಿಯವನು ಒಬ್ಬ, ಅಮೆರಿಕದವಳು ಒಬ್ಬಳು, ಈಗ ನೀನು. ನಾಲ್ಕು ಜನ, ನಾಲ್ಕು ಸಲ ಬಣ್ಣ. ‘ನೀನು ಯಾವಾಗ ಹೋಗ್ತೀಯಾ?’ ಅಂತ ಕೇಳಿದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳುವ ಹಾಗೆ ಕೇಳಿದಳು.

ಅವತ್ತು ರಾತ್ರಿ ನನಗೂ ನಿದ್ದೆ ಬರಲಿಲ್ಲ, ನಿಮ್ಮ ಹಾಗೇ.

ಮರುದಿನ ಕೇಂದ್ರ ನೋಡಿಕೊಳ್ಳುವ ಹೆಣ್ಣುಮಗಳು ನನ್ನನ್ನು ಕೂರಿಸಿ ಸೇಜ್ ಎಲೆ ಹಾಕಿದ ಚಹಾ ಕೊಟ್ಟು ಮಾತಾಡಿದರು. ಅವರು ಶಿಬಿರದಲ್ಲೇ ಹುಟ್ಟಿದವರು. ಇಂಗ್ಲಿಷ್ ಪಾಠಕ್ಕೆ ನಮ್ಮವರೇ ಇಬ್ಬರು ಇದ್ದಾರೆ, ನೀನು ಹೋದ ಮೇಲೂ ಇರುತ್ತಾರೆ, ಆ ಪಾಠ ಅವರಿಗೇ ಬಿಡು ಎಂದರು. ನನಗೆ ಸಿಕ್ಕ ಕೆಲಸ ಬೇರೆ. ಬೆಳಿಗ್ಗೆ ಅನುದಾನದ ಅರ್ಜಿ, ವರದಿಗಳ ಇಂಗ್ಲಿಷ್ ತಿದ್ದುವುದು. ಮಧ್ಯಾಹ್ನ ಲೈಬ್ರರಿಯ ಇಂಗ್ಲಿಷ್ ಪುಸ್ತಕಗಳಿಗೆ ನಂಬರು ಹಾಕಿ ರಿಜಿಸ್ಟರಿಗೆ ಏರಿಸುವುದು. ಸಂಜೆ ಆ ಇಬ್ಬರು ಟೀಚರುಗಳ ಜೊತೆ ಒಂದು ತಾಸು ಇಂಗ್ಲಿಷಿನಲ್ಲಿ ಮಾತಾಡುವುದು. ಮೊದಲ ವಾರ ಬೇಜಾರಾಯಿತು, ಮುಚ್ಚಿಡುವುದಿಲ್ಲ. ಮಕ್ಕಳ ನಡುವೆ ಇರಲು ಬಂದವಳು ರಿಜಿಸ್ಟರ್ ಮುಂದೆ ಕೂತೆನಲ್ಲ ಅಂತ. ಆದರೆ ಸಂಜೆ ನನ್ನ ಜೊತೆ ಮಾತಾಡಿದ ಟೀಚರು ಮರುದಿನ ಅದೇ ವಾಕ್ಯವನ್ನು ಇಪ್ಪತ್ತು ಮಕ್ಕಳ ಬಾಯಲ್ಲಿ ಹೇಳಿಸುವುದನ್ನು ಬಾಗಿಲ ಹೊರಗೆ ನಿಂತು ಕೇಳಿದ ದಿನದಿಂದ ನಾನು ಕಾರ್ಡುಗಳನ್ನು ಮತ್ತೆ ಹೊರಗೆ ತೆಗೆಯಲಿಲ್ಲ.

ಹಾಗಾಗಿ ನನ್ನ ಮಾತು ಇಷ್ಟೇ: ಎರಡು ವಾರಕ್ಕೆ ಹೋಗಬೇಡಿ. ಎರಡು ವಾರದಲ್ಲಿ ಓಣಿಗಳ ದಾರಿ ಕೂಡ ತಿಳಿಯುವುದಿಲ್ಲ. ಮಕ್ಕಳನ್ನು ನೀವು ಹಚ್ಚಿಕೊಳ್ಳುತ್ತೀರಿ, ಅವರು ನಿಮ್ಮನ್ನು ಹಚ್ಚಿಕೊಳ್ಳುತ್ತಾರೆ, ಆಮೇಲೆ ನೀವು ಹೊರಟುಬಿಡುತ್ತೀರಿ. ಕಡಿಮೆ ಅಂದರೆ ಮೂರು ತಿಂಗಳು ಇಟ್ಟುಕೊಳ್ಳಿ. ಕೇಂದ್ರಕ್ಕೆ ಮೊದಲೇ ಬರೆದು, ‘ನಿಮಗೆ ಏನು ಬೇಕು’ ಅಂತ ಕೇಳಿ. ‘ನಾನು ಇದನ್ನು ಕಲಿಸುತ್ತೇನೆ’ ಅಂತ ಶುರು ಮಾಡಬೇಡಿ. ಲೆಕ್ಕ ಬರೆಯುವವರು, ಕಂಪ್ಯೂಟರ್ ರಿಪೇರಿ ಬಲ್ಲವರು, ಫಿಸಿಯೋಥೆರಪಿ ಕಲಿತವರು ಬಂದರೆ ಅಲ್ಲಿ ನಿಜವಾಗಿ ಖುಷಿ ಪಡುತ್ತಾರೆ.

ಈ ಕೇಂದ್ರಗಳನ್ನು ಹೊರಗಿನವರು ಬಂದು ಕಟ್ಟಿಕೊಟ್ಟದ್ದಲ್ಲ, ಇದನ್ನು ತಿಳಿದು ಹೋಗಬೇಕು. ದಹೇಶಾದ ಇಬ್ದಾ ಕೇಂದ್ರ 1994ರಲ್ಲಿ ಶುರುವಾಯಿತು. ಹತ್ತಿರದ ಆಯ್ದಾ ಶಿಬಿರದಲ್ಲಿ ಅಲ್‌ರುವ್ವಾದ್ 1998ರದ್ದು, ಲಾಜಿ ಕೇಂದ್ರ 2000ದ್ದು. ಎಲ್ಲವನ್ನೂ ಶಿಬಿರದವರೇ ಹುಟ್ಟುಹಾಕಿದರು. ದಬ್ಕೆ ಕುಣಿತ, ನಾಟಕ, ಲೈಬ್ರರಿ, ಫುಟ್‌ಬಾಲ್, ಹೆಂಗಸರ ಕಸೂತಿ ಎಲ್ಲವೂ ಅಲ್ಲಿ ನಡೆಯುತ್ತವೆ. ಅವರ ಮನೆಗೆ ನಾವು ಕೆಲಸಕ್ಕೆ ಕೈಜೋಡಿಸಲು ಹೋದವರು, ಅಷ್ಟೇ.

ಪ್ರಶ್ನೆ: ಶಿಬಿರ ಅಂದರೆ ಡೇರೆಗಳಾ? ಎಪ್ಪತ್ತು ವರ್ಷದಿಂದ ಜನ ಅಲ್ಲೇ ಇದ್ದಾರೆ ಅಂದರೆ ಅದು ಊರೇ ಆಯ್ತಲ್ವಾ? ಇನ್ನೂ ಯಾಕೆ ನಿರಾಶ್ರಿತರು ಅನ್ನಬೇಕು?
– ಓದುಗರು, ವಿಜಯಪುರ

ಉತ್ತರ: ಡೇರೆ ಈಗ ಇಲ್ಲ. 1948ರಲ್ಲಿ ಇಸ್ರೇಲ್ ದೇಶ ಹುಟ್ಟಿದ ಸಮಯದ ಯುದ್ಧದಲ್ಲಿ ಏಳು ಲಕ್ಷಕ್ಕೂ ಜಾಸ್ತಿ ಪ್ಯಾಲೆಸ್ಟೀನಿಯರು ಮನೆ ಕಳೆದುಕೊಂಡರು. ಅದನ್ನು ಅವರು ನಕ್ಬಾ, ಅಂದರೆ ಮಹಾ ಅನಾಹುತ, ಅನ್ನುತ್ತಾರೆ. ದಹೇಶಾ ಶುರುವಾದದ್ದು 1949ರಲ್ಲಿ. ಜೆರುಸಲೇಮಿನ ಪಶ್ಚಿಮಕ್ಕೆ ಮತ್ತು ಹೆಬ್ರಾನ್ ಕಡೆ ಇದ್ದ ನಲವತ್ತೈದಕ್ಕೂ ಹೆಚ್ಚು ಹಳ್ಳಿಗಳ ಜನ ಡೇರೆಗಳಲ್ಲಿ ಕೂತರು. ಆಮೇಲೆ ಪ್ಯಾಲೆಸ್ಟೀನಿ ನಿರಾಶ್ರಿತರನ್ನು ನೋಡಿಕೊಳ್ಳುವ ವಿಶ್ವಸಂಸ್ಥೆಯ ಉನ್ರ್ವಾ ಸಂಸ್ಥೆ ಕುಟುಂಬಕ್ಕೊಂದು ಸಣ್ಣ ಕೋಣೆ ಕಟ್ಟಿಕೊಟ್ಟಿತು. ಜಾಗ ಹಿಗ್ಗಲಿಲ್ಲ, ಜನ ಹೆಚ್ಚಿದರು. ಇಡೀ ಶಿಬಿರ ಮೂರನೇ ಒಂದು ಚದರ ಕಿಲೋಮೀಟರ್ ಕೂಡ ಇಲ್ಲ. ಅದಕ್ಕೇ ಮನೆಗಳು ಮೇಲಕ್ಕೆ ಬೆಳೆದಿವೆ. ಅಪ್ಪನ ಮಾಳಿಗೆ ಮೇಲೆ ಮಗನ ಮನೆ, ಅದರ ಮೇಲೆ ಮೊಮ್ಮಗನದು. ಎಲ್ಲಕ್ಕಿಂತ ಮೇಲೆ ನೀರಿನ ಕಪ್ಪು ಟ್ಯಾಂಕು. ಬೇಸಿಗೆಯಲ್ಲಿ ನೀರು ಯಾವಾಗ ಬರುತ್ತದೋ ಹೇಳಲಾಗದು. ನಾನಿದ್ದ ಮನೆಯ ತಾಯಿ ಬೆಳಿಗ್ಗೆ ಎದ್ದು ಬೆರಳ ಗಂಟಿನಿಂದ ಟ್ಯಾಂಕಿಗೆ ಮೇಲಿಂದ ಕೆಳಗೆ ಟಕ್ ಟಕ್ ಅಂತ ಬಡಿಯುತ್ತಾ ಹೋಗುತ್ತಿದ್ದರು. ಸದ್ದು ಬದಲಾದ ಕಡೆ ಬೆರಳು ನಿಲ್ಲುತ್ತಿತ್ತು. ಅಲ್ಲಿವರೆಗೆ ನೀರು ಇದೆ ಅಂತ. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಶಿಬಿರದ ಬಾಯಲ್ಲಿ ಒಂದು ಕಬ್ಬಿಣದ ಗಿರಕಿ ಗೇಟು ಹಾಗೇ ನಿಂತಿದೆ. 1987ರಲ್ಲಿ ಶುರುವಾದ ಮೊದಲ ಇಂತಿಫಾದಾ, ಅಂದರೆ ಪ್ಯಾಲೆಸ್ಟೀನಿಯರ ದಂಗೆಯ, ಕಾಲದಲ್ಲಿ ಇಸ್ರೇಲಿ ಸೇನೆ ಸುತ್ತ ಬೇಲಿ ಹಾಕಿ ಇಡೀ ಶಿಬಿರದ ಜನ ಅದೊಂದರಲ್ಲೇ ಒಬ್ಬೊಬ್ಬರಾಗಿ ಓಡಾಡುವಂತೆ ಮಾಡಿತ್ತು. ಬೇಲಿ ಹೋಯಿತು. ಗೇಟನ್ನು ಜನ ತೆಗೆಯಲಿಲ್ಲ, ನೆನಪಿಗೆ ಇರಲಿ ಅಂತ ಬಿಟ್ಟರು.

‘ಊರೇ ಆಯ್ತಲ್ವಾ’ ಅಂತ ಕೇಳಿದ್ದೀರಿ. ಅಲ್ಲಿ ಯಾವ ಮಗುವನ್ನು ಬೇಕಾದರೂ ‘ನಿನ್ನ ಊರು ಯಾವುದು’ ಅಂತ ಕೇಳಿ, ದಹೇಶಾ ಅನ್ನುವುದಿಲ್ಲ. ಝಕರಿಯಾ ಅನ್ನುತ್ತದೆ, ಬೈತ್ ಇತಾಬ್ ಅನ್ನುತ್ತದೆ. ಅದರ ಅಪ್ಪನೂ ಹುಟ್ಟುವ ಮೊದಲು ಖಾಲಿಯಾದ ಹಳ್ಳಿಗಳು ಅವು. ಝಕರಿಯಾದಲ್ಲಿ ಉಳಿದ ಕೊನೆಯ ಜನರನ್ನು 1950ರಲ್ಲಿ ಹೊರಗೆ ಹಾಕಿದರು. ನಕ್ಷೆಯಲ್ಲಿ ಅಲ್ಲಿಗೆ ದೂರವೇ ಇಲ್ಲ. ಆದರೆ ಅದು ಈಗ ಇಸ್ರೇಲಿನೊಳಗೆ, ಶಿಬಿರದ ಮಕ್ಕಳು ಹೋಗುವ ಹಾಗಿಲ್ಲ.

ಇದು ನನಗೆ ಬೇಗ ಅರ್ಥವಾಯಿತು, ಯಾಕೆ ಗೊತ್ತಾ? ನಾನು ಬಾಗಲಕೋಟೆಯವಳು. ನಮ್ಮಜ್ಜಿಯ ಊರು ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿತು. ಅಜ್ಜಿ ನವನಗರದ ಸಿಮೆಂಟು ಮನೆಯಲ್ಲಿ ಕೂತು ಸಾಯುವವರೆಗೂ ‘ಊರಿಗೆ ಹೋಗಬೇಕು’ ಅನ್ನುತ್ತಿದ್ದಳು. ಶಿಬಿರದ ಮುದುಕಿಯೊಬ್ಬರು ತಮ್ಮ ಬಾವಿ, ಅಂಜೂರದ ಮರ, ಅದರ ಪಕ್ಕದ ದಾರಿ ಎಲ್ಲ ಕೈಯಲ್ಲಿ ಗಾಳಿಯಲ್ಲೇ ಬರೆದು ತೋರಿಸಿದಾಗ ನಾನು ನಮ್ಮಜ್ಜಿಯ ಕೈಯನ್ನೇ ನೋಡಿದೆ. ಆದರೆ ಎರಡನ್ನೂ ಒಂದೇ ಅನ್ನಲಾರೆ. ನಮಗೆ ಪರಿಹಾರ ಅಂತ ಒಂದಿಷ್ಟು ಸಿಕ್ಕಿತು, ಸೈಟು ಸಿಕ್ಕಿತು, ಓಟಿನ ಹಕ್ಕು ಇತ್ತು, ದೇಶ ಇತ್ತು. ನಮ್ಮ ಊರು ನೀರಿನಡಿ ಇದೆ, ಯಾರೂ ಹೋಗಲಾರರು. ಅವರ ಊರಿನ ನೆಲ ಒಣಗಿಯೇ ಇದೆ, ಅಲ್ಲಿ ಬೇರೆಯವರು ಇದ್ದಾರೆ. ನಿರಾಶ್ರಿತರಿಗೆ ವಾಪಸಾಗುವ ಅವಕಾಶ ಇರಬೇಕು ಅಂತ 1948ರ ಡಿಸೆಂಬರಿನಲ್ಲೇ ವಿಶ್ವಸಂಸ್ಥೆಯ 194ನೇ ನಿರ್ಣಯ ಹೇಳಿದೆ. ಅದು ಇವತ್ತಿಗೂ ಕಾಗದದಲ್ಲೇ ಇದೆ. ಅದಕ್ಕೇ ಅವರು ನಿರಾಶ್ರಿತರು ಅನ್ನುವ ಹೆಸರನ್ನು ಬಿಡುವುದಿಲ್ಲ. ಬಿಟ್ಟರೆ ಊರನ್ನೂ ಬಿಟ್ಟ ಹಾಗೆ.

ಪ್ರಶ್ನೆ: ಮೇಡಂ, ನನ್ನ ಮಗಳು ನಿಮ್ಮ ಅಂಕಣ ಓದಿ ಹೊರಡುತ್ತೇನೆ ಅಂತಿದ್ದಾಳೆ. ಒಂದು ಏಜೆನ್ಸಿಯವರು ಒಂದೂವರೆ ಲಕ್ಷ ಕೊಟ್ಟರೆ ಎಲ್ಲ ವ್ಯವಸ್ಥೆ ಮಾಡುತ್ತೇವೆ ಅಂದಿದ್ದಾರೆ. ತಂದೆಯಾಗಿ ನನಗೆ ಭಯ. ನೀವಾದರೂ ಬುದ್ಧಿ ಹೇಳಿ.
– ಓದುಗರು, ದಾವಣಗೆರೆ

ಉತ್ತರ: ಸರ್, ನಿಮ್ಮ ಭಯ ಸರಿಯಾದದ್ದೇ. ನಾನು ಹೋದ ಕಾಲ ಬೇರೆ, ಈಗಿನದು ಬೇರೆ. 2023ರ ಅಕ್ಟೋಬರ್ ಆದ ಮೇಲೆ ಗಾಜಾದಲ್ಲಿ ಆದದ್ದು ನಿಮಗೆ ಗೊತ್ತೇ ಇದೆ. ಬೆತ್ಲೆಹೆಮ್, ದಹೇಶಾ ಇರುವ ವೆಸ್ಟ್ ಬ್ಯಾಂಕಿನಲ್ಲೂ ದಾಳಿಗಳು ಹೆಚ್ಚಿವೆ, ಊರೂರ ಬಾಯಿಗೆ ಗೇಟು ಬಿದ್ದಿವೆ. 2025ರ ಆರಂಭದಲ್ಲಿ ಜೆನಿನ್, ತುಲ್ಕರೆಮ್, ನೂರ್ ಶಮ್ಸ್ ಶಿಬಿರಗಳಿಂದ ಇಸ್ರೇಲಿ ಸೇನೆ ಸಾವಿರಾರು ಕುಟುಂಬಗಳನ್ನು ಹೊರಹಾಕಿತು. ನಿರಾಶ್ರಿತರು ಮತ್ತೊಮ್ಮೆ ನಿರಾಶ್ರಿತರಾದರು. ಅದೇ ವರ್ಷ ಜನವರಿ ಕೊನೆಯಲ್ಲಿ ಉನ್ರ್ವಾ ಕೆಲಸವನ್ನು ತಡೆಯಲು ಇಸ್ರೇಲ್ ಮಾಡಿದ ಕಾನೂನು ಜಾರಿಗೆ ಬಂತು. ಹೀಗಿರುವಾಗ ಮೊದಲ ಸಲ ಹೊರದೇಶಕ್ಕೆ ಹೋಗುವ ಹುಡುಗಿಗೆ ‘ಹೋಗಿ ಬಾ’ ಅಂತ ನಾನು ಹೇಳಲಾರೆ. ಯಾರಿಗಾದರೂ ಏನಾದರೂ ಆದರೆ ಮೊದಲು ಓಡಾಡಬೇಕಾದವರು ಶಿಬಿರದವರೇ. ಅವರ ಹೊರೆ ಕಡಿಮೆ ಇದೆಯಾ?

ದಾರಿಯನ್ನೂ ಹೇಳುತ್ತೇನೆ, ಏಜೆನ್ಸಿಯವರು ಹೇಳಿರುವುದಿಲ್ಲ. ವೆಸ್ಟ್ ಬ್ಯಾಂಕಿಗೆ ಟೆಲ್ ಅವೀವ್ ವಿಮಾನ ನಿಲ್ದಾಣದಿಂದ ಹೋಗಿ, ಜೋರ್ಡಾನ್ ಕಡೆಯಿಂದ ಅಲೆನ್‌ಬಿ ಸೇತುವೆ ದಾಟಿ ಹೋಗಿ, ಬಾಗಿಲು ಇರುವುದು ಇಸ್ರೇಲ್ ಕೈಯಲ್ಲಿ. ನಮ್ಮ ಪಾಸ್‌ಪೋರ್ಟಿಗೆ ಮೊದಲೇ ಇಸ್ರೇಲ್ ವೀಸಾ ಬೇಕು. ಬೆಂಗಳೂರಿನಲ್ಲೇ ಅವರ ಕಾನ್ಸುಲೇಟ್ ಇದೆ. ಗಡಿಯಲ್ಲಿ ತಾಸುಗಟ್ಟಲೆ ಪ್ರಶ್ನೆ ಕೇಳಬಹುದು, ಅಲ್ಲಿಂದಲೇ ವಾಪಸ್ ಕಳಿಸಲೂಬಹುದು. ‘ಟೂರಿಸ್ಟ್ ಅಂತ ಬರೆದುಬಿಡಿ, ನಾವು ನೋಡ್ಕೋತೀವಿ’ ಅನ್ನುವ ಏಜೆನ್ಸಿಯನ್ನು ನಂಬಬೇಡಿ. ಸುಳ್ಳು ಸಿಕ್ಕಿಬಿದ್ದರೆ ನಿಮ್ಮ ಮಗಳು ಗಡಿಯಲ್ಲಿ ಒಬ್ಬಳೇ ಇರುತ್ತಾಳೆ.

ಒಂದೂವರೆ ಲಕ್ಷ ಕೊಡಬೇಡಿ. ಸ್ವಯಂಸೇವಕರಿಗೆ ಸಂಬಳ ಇರುವುದಿಲ್ಲ, ರೂಮಿಗೂ ಊಟಕ್ಕೂ ನಾವೇ ಕೊಡುವುದು ವಾಡಿಕೆ, ಅದು ನ್ಯಾಯ ಕೂಡ. ಆದರೆ ಆ ದುಡ್ಡು ಕೇಂದ್ರಕ್ಕೆ, ಉಳಿಸಿಕೊಂಡ ಮನೆಗೆ ನೇರವಾಗಿ ಹೋಗಬೇಕು. ಮಗಳಿಗೆ ಹೀಗೆ ಹೇಳಿ: ಕೇಂದ್ರಕ್ಕೆ ಒಂದು ಇಮೇಲ್ ಬರೆಯಲಿ. ‘ಈಗ ಬರಬೇಡಿ’ ಅಂತ ಅವರೇ ಅಂದರೆ ಅದನ್ನು ಒಪ್ಪಿಕೊಳ್ಳಲಿ. ಮನೆಯಲ್ಲಿ ಕೂತೇ ವಾರಕ್ಕೆ ಎರಡು ದಿನ ವಿಡಿಯೊ ಕಾಲ್‌ನಲ್ಲಿ ಅಲ್ಲಿನ ಟೀಚರು, ಕಾಲೇಜು ಹುಡುಗಿಯರ ಜೊತೆ ಇಂಗ್ಲಿಷ್ ಮಾತಾಡಬಹುದು, ಅವರ ವರದಿ ತಿದ್ದಿಕೊಡಬಹುದು. ನಾನು ಅಲ್ಲಿ ಮಾಡಿದ ಕೆಲಸದ ಮುಕ್ಕಾಲು ಭಾಗ ಅದೇ ಆಗಿತ್ತು. ಒಂದು ವರ್ಷ ತಪ್ಪದೆ ಮಾಡಿದರೆ, ಹೋಗುವ ಕಾಲ ಬಂದಾಗ ಅವಳಿಗಾಗಿ ಕಾಯುವವರು ಅಲ್ಲಿ ಇರುತ್ತಾರೆ.

ಪ್ರಶ್ನೆ: ನಮ್ಮಲ್ಲೇ ಇಷ್ಟು ಕಷ್ಟ ಇರುವಾಗ ಅಷ್ಟು ದೂರ ಯಾಕೆ?
– ಓದುಗರು, ಮೈಸೂರು

ಉತ್ತರ: ಇಲ್ಲಿ ಏನೂ ಮಾಡದವರು ಅಲ್ಲಿಗೆ ಹೋಗಬಾರದು, ಅಷ್ಟು ಒಪ್ಪುತ್ತೇನೆ. ನಿಮ್ಮ ಊರಿನಿಂದ ಬೈಲಕುಪ್ಪೆ ದೂರವಿಲ್ಲ. 1960ರ ದಶಕದಿಂದ ಟಿಬೆಟಿಯನ್ ನಿರಾಶ್ರಿತರು ಅಲ್ಲಿದ್ದಾರೆ, ಮುಂಡಗೋಡಿನಲ್ಲೂ ಇದ್ದಾರೆ. ಅವರ ಅಜ್ಜ ಅಜ್ಜಿಯರ ಪಕ್ಕ ಕೂತು ಒಂದು ದಿನ ಮಾತು ಕೇಳಿ. ಆದರೆ ಕಷ್ಟಕ್ಕೆ ಜಿಲ್ಲೆ, ದೇಶ ಅಂತ ಲೆಕ್ಕ ಹಾಕಿ ಮನಸ್ಸು ಮರುಗುವುದಿಲ್ಲ. ನನ್ನದಂತೂ ಹಾಗೆ ಮರುಗಲಿಲ್ಲ.

ಪ್ರಶ್ನೆ: ಅಲ್ಲಿ ಫೋಟೊ ತೆಗೆಯಬಹುದಾ? ಭಾಷೆ, ಊಟ ಹೇಗೆ? ನಾನು ಸಸ್ಯಾಹಾರಿ.
– ಓದುಗಿ, ಧಾರವಾಡ

ಉತ್ತರ: ಮಕ್ಕಳ ಮುಖದ ಫೋಟೊ ಬೇಡ. ನಾನು ಈ ತಪ್ಪು ಮಾಡಿದೆ. ಗೋಡೆಯ ಚಿತ್ರದ ಮುಂದೆ ನಿಂತ ಮೂವರು ಹುಡುಗರ ಫೋಟೊ ತೆಗೆದು ಫೇಸ್‌ಬುಕ್ಕಿಗೆ ಹಾಕಿದೆ. ಮರುದಿನ ಒಬ್ಬನ ತಾಯಿ ಕೇಂದ್ರಕ್ಕೆ ಬಂದರು. ಬೈಯಲಿಲ್ಲ, ಕೈ ಹಿಡಿದುಕೊಂಡು ‘ತೆಗೆದುಬಿಡು’ ಅಂದರು. ಅವರ ಕೈ ನಡುಗುತ್ತಿತ್ತು. ರಾತ್ರಿ ಸೈನಿಕರು ಬಂದು ಮನೆ ಬಾಗಿಲು ಬಡಿಯುವ ಜಾಗದಲ್ಲಿ ಮಗನ ಮುಖ ಎಲ್ಲಿ ಯಾರ ಕಣ್ಣಿಗೆ ಬೀಳುತ್ತದೋ ಅನ್ನುವುದು ತಾಯಿಗೆ ಸಣ್ಣ ಮಾತಲ್ಲ. ಅಲ್ಲೇ ಅಳಿಸಿದೆ. ಆಮೇಲೆ ಬಾಗಿಲು, ಓಣಿ, ಟ್ಯಾಂಕು, ಬೆಕ್ಕು ಇಷ್ಟನ್ನೇ ತೆಗೆದೆ.

ಊಟಕ್ಕೆ ಚಿಂತೆ ಬೇಡ. ಹುಮ್ಮುಸ್, ಫಲಾಫೆಲ್, ಬೇಳೆ ಅನ್ನಕ್ಕೆ ಹುರಿದ ಈರುಳ್ಳಿ ಸುರಿದ ಮುಜದ್ದರಾ ಎಲ್ಲ ನಮ್ಮ ನಾಲಿಗೆಗೆ ಒಗ್ಗುತ್ತವೆ. ಬೆಳಿಗ್ಗೆ ರೊಟ್ಟಿ ಮುರಿದು ಮೊದಲು ಆಲಿವ್ ಎಣ್ಣೆಯಲ್ಲಿ ಅದ್ದಿ, ಆಮೇಲೆ ಝಾತರ್ ಪುಡಿಯಲ್ಲಿ ಒತ್ತಿ ತಿನ್ನುತ್ತಾರೆ. ರೊಟ್ಟಿಗೆ ಗುರೆಳ್ಳು ಚಟ್ನಿ, ಎಣ್ಣೆ ಹಚ್ಚಿಕೊಂಡ ಹಾಗೇ! ನಾನು ಒಯ್ದಿದ್ದ ಶೇಂಗಾ ಚಟ್ನಿಪುಡಿ ಆ ಮನೆಯಲ್ಲಿ ಒಂದೇ ವಾರಕ್ಕೆ ಖಾಲಿಯಾಯಿತು. ನೀವು ಎರಡು ಕೆ.ಜಿ. ಒಯ್ಯಿರಿ.

ಭಾಷೆ ಅಂದುಕೊಂಡಷ್ಟು ದೂರದ್ದಲ್ಲ. ಅವರ ಕುರ್ಸಿ ನಮ್ಮ ಕುರ್ಚಿ, ಸಾಬೂನ್ ಸಾಬೂನೇ, ತಾರೀಖ್ ತಾರೀಖೇ, ಕೆಲಸ ಮುಗಿದರೆ ಖಲಾಸ್. ಅಂಗಡಿಗೆ ದುಕ್ಕಾನ್ ಅಂತಾರೆ, ನಿಮ್ಮ ಧಾರವಾಡದಲ್ಲೂ ಹಿರಿಯರು ದುಕಾನ ಅಂತಾರಲ್ಲ. ಆ ಒಂಬತ್ತು ವರ್ಷದ ಹುಡುಗಿ ಕೊನೆಗೆ ನನಗೇ ಮೇಷ್ಟ್ರಾದಳು. ಒಂದು ದಿನ ಗೋಡೆಯ ಮೇಲಿನ ದೊಡ್ಡ ಅಕ್ಷರಗಳ ಕೆಳಗೆ ಬೆರಳಿಟ್ಟು ಓದಿಸಿದಳು: ಹಕ್. ‘ನಮ್ಮಲ್ಲೂ ಇದೆ, ನಾವು ಹಕ್ಕು ಅಂತೀವಿ’ ಅಂದೆ. ಅವಳು ನಂಬಲಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆಸಿಕೊಂಡು, ಅದರ ಕೆಳಗೆ ತನ್ನ ಅರಬ್ಬಿಯಲ್ಲಿ ಬರೆದು, ಆ ಹಾಳೆಯನ್ನು ಹರಿದು ತಾನೇ ಇಟ್ಟುಕೊಂಡಳು.