ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ: ಮೊದಲ ಕಂತೇ ಅರ್ಥವಾಗದಿದ್ದರೆ

ಬಾಹ್ಯಾಕಾಶದ ಈ ಸೈ-ಫೈ ಸರಣಿಯ ಮೊದಲ ಕಂತೇ ಅರ್ಥವಾಗಲಿಲ್ಲ ಅಂದ್ರೆ, ನೀವು ಕಥೆ ಶುರುವಾಗುವ 2003ರ ಮಿನಿ ಸೀರೀಸ್ ಬಿಟ್ಟು ನೇರವಾಗಿ ಮೊದಲ ಸೀಸನ್ ಶುರು ಮಾಡಿದ್ದೀರಿ ಅನ್ಸುತ್ತೆ. ‘ಇವರೆಲ್ಲ ಯಾರು, ಯಾಕೆ ಓಡುತ್ತಿದ್ದಾರೆ’ ಅಂತ ತಲೆಬುಡ ಗೊತ್ತಾಗದಿರುವುದು ಅದಕ್ಕೇ. ಸೈಲನ್‌ಗಳ (ಮನುಷ್ಯರೇ ಮಾಡಿದ ಯಂತ್ರಮಾನವರು) ದಾಳಿ, ಜನ ಊರು ಬಿಟ್ಟು ಹೊರಟಿದ್ದು ಎಲ್ಲ ಆ ಮಿನಿ ಸೀರೀಸ್‌ನ ಎರಡು ಭಾಗಗಳಲ್ಲಿದೆ. ಮೊದಲು ಅದನ್ನು ನೋಡಿ. ನಿಮ್ಮ ಆ್ಯಪ್‌ನಲ್ಲಿ ಅದು ಸಿನಿಮಾ ಥರ ಬೇರೆ ಕಡೆ ಇರಬಹುದು, ಹೆಸರು ಹಾಕಿ ಹುಡುಕಿ.

ಆಮೇಲೆ ಮೊದಲ ಸೀಸನ್ನಿನ ಮೊದಲ ಕಂತು ‘33’ ಅನ್ನು ಇನ್ನೊಮ್ಮೆ ಹಾಕಿ. ಪ್ರತಿ 33 ನಿಮಿಷಕ್ಕೆ ದಾಳಿ, ಯಾರಿಗೂ ನಿದ್ದೆಯಿಲ್ಲ. ಅಧ್ಯಕ್ಷೆಯ ಬಿಳಿ ಬೋರ್ಡ್ ಮೇಲೆ ಬದುಕಿರುವವರ ಲೆಕ್ಕ. ಆ ಸಂಖ್ಯೆ ಬದಲಾದಾಗ ಎದೆ ಝಲ್ಲೆನ್ನುತ್ತದೆ. ನಾನು ನೋಡಿದ ಸೈ-ಫೈಗಳಲ್ಲಿ ಇಷ್ಟು ಗಟ್ಟಿಯಾದ ಆರಂಭ ಬೇರೆ ಇಲ್ಲ.

1978ರ ಹಳೆಯ ಸರಣಿ ನೋಡಲೇಬೇಕು ಅಂತೇನಿಲ್ಲ. ಇದೇ ಸರಣಿಯ ಟಿವಿ ಸಿನಿಮಾಗಳಲ್ಲಿ ‘ರೇಜರ್’ ಮೂರನೇ ಸೀಸನ್ ಆದ ಮೇಲೆ, ‘ದಿ ಪ್ಲಾನ್’ ಎಲ್ಲ ಮುಗಿದ ಮೇಲೆ ನೋಡಿ.