ಅವ್ವಾರಿಗೆ ರೆಕ್ಕಿ ಹಿಂದಿನ ಸೀಟು ಚಲೋ
ಹುಬ್ಬಳ್ಳಿಯಿಂದ ಅವ್ವಾರನ್ನ ಮೊದಲ ಸಲ ಪಂಖಾ ಇರೋ ಎಟಿಆರ್ ವಿಮಾನದಾಗ ಕರಕೊಂಡು ಹೊಂಟೀರಿ, ಅಲುಗಾಡಿದ್ರ ಅಪಾಯ ಐತೇನು, ಯಾವ ಸೀಟು ಚಲೋ ಅಂತ ಕೇಳೀರಿ. ಹೆದರಬ್ಯಾಡ್ರಿ. ಆ ಪಂಖಾ ತಿರುಗಿಸೋದೂ ಜೆಟ್ ವಿಮಾನದಾಗ ಇರೋ ಹಂಗ ಟರ್ಬೈನ್ ಇಂಜಿನ್ನೇ. ಎರಡರಾಗ ಒಂದು ನಿಂತ್ರೂ ಇನ್ನೊಂದರ ಮ್ಯಾಲೆ ಹಾರಿ ಇಳಿಯೋ ಹಂಗ ವಿಮಾನ ಮಾಡಿರತಾರ. ಪೈಲಟ್‌ಗಳಿಗೆ ಸಿಮ್ಯುಲೇಟರ್‌ನಾಗ, ಅಂದ್ರ ನೆಲದ ಮ್ಯಾಲಿನ ನಕಲಿ ವಿಮಾನದಾಗ, ಇದನ್ನ ಮತ್ತ ಮತ್ತ ಕಲಿಸ್ತಾರ.

ಅಲುಗಾಟ ರೆಕ್ಕಿ ಹತ್ರ ಕಮ್ಮಿ, ಬಾಲದ ಕಡೆ ಹೆಚ್ಚು. ಪಂಖಾದ ಸಪ್ಪಳ ಮುಂದ ಜಾಸ್ತಿ, ಹತ್ತೋ ಬಾಗಿಲಾನೂ ಹಿಂದ ಇರತದ. ಹಂಗಾಗಿ ರೆಕ್ಕಿ ದಾಟಿ ಒಂದೆರಡು ಸಾಲು ಹಿಂದ ತಗೊಳ್ರಿ. ರೆಕ್ಕಿ ಮ್ಯಾಲಿರೋದ್ರಿಂದ ಕಿಟಕ್ಯಾಗ ಹೊಲಾ ಎಲ್ಲಾ ಚಂದ ಕಾಣತಾವ.

ಇಳಿಯೋವಾಗ ನಮ್ಮವ್ವಗ ಕಿವಿ ಕಟ್ಟಿತ್ತು. ಒಂದು ಪೆಪ್ಪರ್‌ಮೆಂಟ್ ಕೊಡ್ರಿ, ಉಗುಳು ನುಂಗಿದ್ರ ಬಿಡತದ. ಬೆಲ್ಟ್ ಮಾತ್ರ ಕುಂತಷ್ಟು ಹೊತ್ತೂ ಹಾಕಿರಲಿ. ಅಲುಗಾಟದಾಗ ಪೆಟ್ಟಾಗೋದು ಹೆಚ್ಚಾಗಿ ಅದನ್ನ ಬಿಚ್ಚಿದವರಿಗೇ.