ಸೆಸ್ನಾ 172ರಲ್ಲಿ ‘ಕಂಟ್ರೋಲ್ಸ್ ಫ್ರೀ ಅಂಡ್ ಕರೆಕ್ಟ್’ ಎನ್ನುವ ಮೊದಲು ಏನೇನು ನೋಡಬೇಕು?

ಪುಟ್ಟ ವಿಮಾನ ಸೆಸ್ನಾ 172ರಲ್ಲಿ ಈಗಷ್ಟೇ ತರಬೇತಿ ಶುರು ಮಾಡಿದ್ದೀರಿ, ಚೆಕ್‌ಲಿಸ್ಟಿನ ‘ಕಂಟ್ರೋಲ್ಸ್ ಫ್ರೀ ಅಂಡ್ ಕರೆಕ್ಟ್’ ಎಂಬ ಸಾಲಿಗೆ ಯೋಕನ್ನು, ಅಂದರೆ ವಿಮಾನದ ಸ್ಟೀರಿಂಗನ್ನು, ಒಮ್ಮೆ ಅಲ್ಲಾಡಿಸಿದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ಅಲ್ಲಿ ಎರಡು ಪರೀಕ್ಷೆಗಳಿವೆ. ಕಂಟ್ರೋಲ್ ಎಲ್ಲೂ ತಡೆಯದೆ ಕೊನೆಯವರೆಗೂ ಹೋಗುತ್ತದೆಯೇ ಎಂಬುದು ಕೈಗೆ ಗೊತ್ತಾಗುತ್ತದೆ. ಸರಿಯಾದ ದಿಕ್ಕಿಗೇ ಹೋಗುತ್ತದೆಯೇ ಎಂಬುದನ್ನು ಮಾತ್ರ ಕಣ್ಣಿಟ್ಟು ನೋಡಲೇಬೇಕು. ಹೆಚ್ಚಿನವರು ಬಿಟ್ಟುಬಿಡುವುದು ಈ ಎರಡನೆಯದನ್ನೇ.

172ರಲ್ಲಿ ಯೋಕ್ ಮತ್ತು ಪೆಡಲ್‌ಗಳಿಂದ ರೆಕ್ಕೆ, ಬಾಲದವರೆಗೂ ಹೋಗಿರುವುದು ಉಕ್ಕಿನ ಕೇಬಲ್; ಹೈಡ್ರಾಲಿಕ್ ನೆರವು ಇಲ್ಲ. ರೆಕ್ಕೆಯ ಹಿಂಬದಿಯಲ್ಲಿ ಕೆಳಗಿಳಿಯುವ ಫ್ಲ್ಯಾಪ್‌ಗಳಿಗೆ ಮಾತ್ರ ವಿದ್ಯುತ್ ಮೋಟಾರು. ಕೇಬಲ್ ಎಳೆಯಬಲ್ಲದು, ತಳ್ಳಲಾರದು. ಹಾಗಾಗಿ ಆ ಕಡೆಗೊಂದು, ಈ ಕಡೆಗೊಂದು ಜೋಡಿಯಾಗಿ ಇರುತ್ತವೆ. ರಿಪೇರಿಯ ವೇಳೆ ಜೋಡಿ ಅದಲುಬದಲಾದರೂ ಯೋಕ್ ಬೆಣ್ಣೆಯಂತೆ ತಿರುಗುತ್ತದೆ. ಆದರೆ ಎಡಕ್ಕೆ ತಿರುಗಿಸಿದರೆ ವಿಮಾನ ಬಲಕ್ಕೆ ವಾಲುತ್ತದೆ.

ಕಾಕ್‌ಪಿಟ್‌ನಿಂದ ಶುರು ಮಾಡಿ. ಇಗ್ನಿಷನ್ ಕೀ ಹೊರಗಿರಲಿ. ನಿಂತ ವಿಮಾನದಲ್ಲಿ ಯೋಕ್ ಅಲುಗದಂತೆ ಅದರ ಶಾಫ್ಟಿಗೆ ಹಾಕಿದ ಕಂಟ್ರೋಲ್ ಲಾಕ್ ತೆಗೆದು, ಲಾಕನ್ನು ಎತ್ತಿಡುವ ಜಾಗದಲ್ಲಿ ಇಡಿ. ಕಂಪನಿಯ ಲಾಕಿಗೆ ಇಗ್ನಿಷನ್ ಸ್ವಿಚ್ಚನ್ನು ಮುಚ್ಚುವ ಫಲಕ ಇರುವುದು ಅದನ್ನು ಮರೆತು ಎಂಜಿನ್ ಶುರು ಮಾಡಬಾರದೆಂದೇ. ಅದು ಕಳೆದುಹೋಯಿತೆಂದು ಬೋಲ್ಟನ್ನೋ ಮೊಳೆಯನ್ನೋ ತೂರಿಸುವವರಿದ್ದಾರೆ, ದಯವಿಟ್ಟು ಒಪ್ಪಿಕೊಳ್ಳಬೇಡಿ. ನಂತರ ಮಾಸ್ಟರ್ (ವಿದ್ಯುತ್ತಿನ ಮುಖ್ಯ ಸ್ವಿಚ್) ಆನ್ ಮಾಡಿ, ಫ್ಲ್ಯಾಪ್ ಇಳಿಸಿ, ಮಾಸ್ಟರ್ ಆಫ್ ಮಾಡಿ.

ಬಾಲಕ್ಕೆ ಸಮಯ ಕೊಡಿ. ಎಲಿವೇಟರಿನ, ಅಂದರೆ ಮೂಗನ್ನು ಏರಿಸಿ ಇಳಿಸುವ ಬಾಲದ ಅಡ್ಡ ಫಲಕದ, ಹಿಂಬದಿಯ ಅಂಚು ಹಿಡಿದು ಮೆಲ್ಲಗೆ ಎತ್ತಿ. ಎಡ, ಬಲ ಎರಡೂ ಭಾಗ ಒಟ್ಟಿಗೇ ಏಳಬೇಕು. ಒಂದು ಕ್ಷಣದಷ್ಟು ಹಿಂದುಮುಂದಾದರೂ ಅನುಮಾನಪಡಬೇಕು. ಯೋಕಿನ ಮೇಲಿನ ಭಾರ ತಗ್ಗಿಸುವ ಪುಟ್ಟ ಫಲಕ, ಟ್ರಿಮ್ ಟ್ಯಾಬ್, ಇರುವುದು ಬಲಭಾಗದಲ್ಲಿ. ಒಂದು ಕೈಯಲ್ಲಿ ಎಲಿವೇಟರನ್ನು ಅಲುಗದಂತೆ ಹಿಡಿದು, ಇನ್ನೊಂದು ಕೈಯ ಬೆರಳಿಂದ ಟ್ಯಾಬನ್ನು ಮೇಲೆ ಕೆಳಗೆ ಒತ್ತಿ ನೋಡಿ. ಕೂದಲೆಳೆಯಷ್ಟು ಸಡಿಲ ಇರುವುದುಂಟು. ‘ಟಕ್ ಟಕ್’ ಎಂದು ಸದ್ದು ಬಂದರೆ ಕೀಲೋ ಜೋಡಣೆಯೋ ಸವೆದಿದೆ ಎಂದರ್ಥ. ವೇಗದಲ್ಲಿ ಅದೇ ಸಡಿಲ ಫ್ಲಟರ್‌ಗೆ, ಅಂದರೆ ತಾನಾಗಿ ಬೆಳೆಯುತ್ತಾ ಹೋಗುವ ಕಂಪನಕ್ಕೆ, ದಾರಿ ಮಾಡುತ್ತದೆ. ಟ್ರಿಮ್ ಚಕ್ರವನ್ನು ಮೂಗು ಮೇಲಾಗುವಂತೆ ತಿರುಗಿಸಿದರೆ ಟ್ಯಾಬ್ ಕೆಳಗಿಳಿಯಬೇಕು. ಇದು ತಲೆಕೆಳಗು ಎನಿಸಿದರೂ ಸರಿಯಾದದ್ದೇ, ಏಕೆಂದರೆ ಟ್ಯಾಬ್ ಇಳಿದಾಗ ಗಾಳಿ ಎಲಿವೇಟರನ್ನು ಮೇಲಕ್ಕೆ ತಳ್ಳುತ್ತದೆ.

ಬಾಲದ ನೆಟ್ಟಗಿನ ಫಲಕವಾದ ರಡ್ಡರಿನ ಬುಡದಲ್ಲಿ ಕೇಬಲ್ ಸೇರುವ ಬೋಲ್ಟ್, ನಟ್, ನಟ್ ಬಿಚ್ಚದಂತೆ ತಡೆಯುವ ಕಾಟರ್ ಪಿನ್‌ಗಳನ್ನು ಬಗ್ಗಿ ನೋಡಿ. ಪಿನ್ ಇದ್ದರಷ್ಟೇ ಸಾಲದು, ಅದರ ಕಾಲುಗಳು ಮಡಚಿರಬೇಕು. ರಡ್ಡರನ್ನು ಬಲವಂತವಾಗಿ ತಳ್ಳಬೇಡಿ. ಪೆಡಲ್‌ಗಳ ಮೂಲಕ ಅದಕ್ಕೂ ಮೂಗಿನ ಚಕ್ರಕ್ಕೂ ನಂಟಿದೆ. ಹಾಗೆಯೇ ವಿಮಾನವನ್ನು ತಿರುಗಿಸಲು ಬಾಲದ ಅಡ್ಡರೆಕ್ಕೆಯನ್ನು ಒತ್ತುವ ರೂಢಿ ಕೆಟ್ಟದ್ದು. ಒಳಗಿನ ಬಲ್ಕ್‌ಹೆಡ್, ಸ್ಪಾರ್ ಎಂಬ ಆಧಾರದ ಭಾಗಗಳಲ್ಲಿ ಬಿರುಕು ಬಿಟ್ಟರೂ ಹೊರಗಿನಿಂದ ಕಾಣುವುದಿಲ್ಲ. ಮೂಗಿನ ಚಕ್ರಕ್ಕೆ ಸಿಕ್ಕಿಸಿ ಎಳೆಯುವ ಟೋ ಬಾರ್ ಬಳಸಿ.

ರೆಕ್ಕೆಯ ಹೊರತುದಿಯ ಕಡೆ ಇರುವ, ವಿಮಾನವನ್ನು ವಾಲಿಸುವ ಫಲಕವೇ ಏಲೆರಾನ್. ಒಂದು ರೆಕ್ಕೆಯದನ್ನು ಎತ್ತಿದಾಗ ಇನ್ನೊಂದರದು ಇಳಿಯಬೇಕು. ಅದನ್ನು ತಳ್ಳುವ ಸಲಾಕೆ (ಪುಶ್‌ರಾಡ್), ಕೀಲಿನ ಪಿನ್, ಮುಂಬದಿಯ ಅಂಚಿನ ಸಮತೋಲನದ ತೂಕಗಳು ಬಿಗಿಯಾಗಿವೆಯೇ ನೋಡಿ. ಏಲೆರಾನ್ ಸುಮಾರು 20 ಡಿಗ್ರಿ ಮೇಲೇರಿದರೆ, ಇಳಿಯುವುದು ಸುಮಾರು 15 ಡಿಗ್ರಿ ಮಾತ್ರ. ಇದು ದೋಷವಲ್ಲ, ತಿರುವಿನಲ್ಲಿ ಮೂಗು ವಿರುದ್ಧ ದಿಕ್ಕಿಗೆ ಎಳೆಯುವುದನ್ನು ತಗ್ಗಿಸಲು ಹಾಗೆ ಮಾಡಿದ್ದಾರೆ. ಮಳೆಗಾಲದಲ್ಲಿ ಈ ಭಾಗಗಳ ಅಡಿಯಲ್ಲಿ ನೀರು ಹರಿದುಹೋಗಲು ಇರುವ ಪುಟ್ಟ ರಂಧ್ರಗಳು ಮಣ್ಣಿನಿಂದಲೋ ಕಣಜದ ಗೂಡಿನಿಂದಲೋ ಮುಚ್ಚಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಒಳಗೆ ನೀರು ನಿಂತರೆ ಸಮತೋಲನ ಕೆಡುತ್ತದೆ.

ಒಳಗೆ ಕೂತ ಮೇಲೆ ಮೊದಲು ಸೀಟು. ಹಿಂದೆ ಮುಂದೆ ಜಗ್ಗಿ, ಪಿನ್ ಹಳಿಯ ತೂತಿಗೆ ಇಳಿದಿದೆಯೇ ನೋಡಿ. ಟೇಕಾಫ್‌ನಲ್ಲಿ ಸೀಟು ಹಿಂದೆ ಜಾರಿದರೆ ಕೈ ಯೋಕನ್ನೂ ಎಳೆದುಕೊಂಡೇ ಹೋಗುತ್ತದೆ. ಹೆಡ್‌ಸೆಟ್, ಮೊಣಕಾಲ ಪಟ್ಟಿ, ಟ್ಯಾಬ್ಲೆಟ್ ಎಲ್ಲವೂ ಹಾರುವಾಗ ಇರುವ ಜಾಗದಲ್ಲೇ ಇರಲಿ. ಆಮೇಲೆ ಯೋಕನ್ನು ಪೂರ್ತಿ ಹಿಂದಕ್ಕೆ ಎಳೆದು ಎಡ, ಬಲ. ಪೂರ್ತಿ ಮುಂದಕ್ಕೆ ತಳ್ಳಿ ಮತ್ತೆ ಎಡ, ಬಲ. ನಾಲ್ಕು ಮೂಲೆಗಳನ್ನೂ ಮುಟ್ಟಿ. ಅಡ್ಡ ಬರುವ ವಸ್ತು ಸಿಕ್ಕಿಬೀಳುವುದು ಹೆಚ್ಚಾಗಿ ಮೂಲೆಯಲ್ಲೇ. ಯೋಕ್ ಹಿಡಿದು ಹೆಬ್ಬೆರಳು ನೆಟ್ಟಗೆ ನಿಲ್ಲಿಸಿ, ತಿರುಗಿಸಿ: ಹೆಬ್ಬೆರಳು ವಾಲಿದ ಕಡೆಯ ಏಲೆರಾನ್ ಮೇಲೇಳಬೇಕು. ಕತ್ತು ತಿರುಗಿಸಿ, ಹಿಂದಿನ ಗಾಜಿನಿಂದ ಎಲಿವೇಟರನ್ನೂ ನೋಡಿ.

2001ರಲ್ಲಿ ಫ್ರಾಂಕ್‌ಫರ್ಟ್‌ನಿಂದ ಹೊರಟ ಲುಫ್ತಾನ್ಸಾ ಏರ್‌ಬಸ್ 320ರಲ್ಲಿ ರಿಪೇರಿಯ ನಂತರ ಕ್ಯಾಪ್ಟನ್ನರ ಸೈಡ್‌ಸ್ಟಿಕ್‌ನ (ಯೋಕಿನ ಬದಲಿಗೆ ಇರುವ ಪುಟ್ಟ ಕೋಲು) ಎಡ-ಬಲ ವೈರುಗಳು ಅದಲುಬದಲಾಗಿದ್ದವು. ಹೊರಡುವ ಮುನ್ನ ಚೆಕ್ ಆಗಿತ್ತು, ದಿಕ್ಕು ಮಾತ್ರ ಯಾರ ಗಮನಕ್ಕೂ ಬಂದಿರಲಿಲ್ಲ. ಸಹ ಪೈಲಟ್ ತಮ್ಮ ಸ್ಟಿಕ್ಕಿನಿಂದ ವಿಮಾನವನ್ನು ಉಳಿಸಿದರು. 2014ರಲ್ಲಿ ಅಮೆರಿಕದ ಬೆಡ್‌ಫರ್ಡ್‌ನಲ್ಲಿ ಗಲ್ಫ್‌ಸ್ಟ್ರೀಮ್ ಜೆಟ್ ಒಂದು ಗಸ್ಟ್ ಲಾಕ್ (ಅದರ ಕಂಟ್ರೋಲ್ ಲಾಕ್) ತೆಗೆಯದೆಯೇ ಓಡಿ, ರನ್‌ವೇ ದಾಟಿ ಉರಿಯಿತು. ಏಳು ಜನ ಸತ್ತರು. ಅದರ ಹಿಂದಿನ 175 ಟೇಕಾಫ್‌ಗಳಲ್ಲಿ ಪೂರ್ಣ ಕಂಟ್ರೋಲ್ ಚೆಕ್ ಆಗಿದ್ದು ಎರಡರಲ್ಲಿ ಮಾತ್ರ ಎಂದು ತನಿಖೆಯಲ್ಲಿ ಗೊತ್ತಾಯಿತು.

ಆದ್ದರಿಂದ ರಿಪೇರಿಯಿಂದ ಬಂದ ವಿಮಾನವಾದರೆ ಹೊರಗೊಬ್ಬರನ್ನು ನಿಲ್ಲಿಸಿ. ‘ಸರಿ ಇದೆಯಾ?’ ಎಂದು ಕೇಳಬೇಡಿ, ‘ಎಡಗಡೆಯದು ಎತ್ತ ಹೋಯಿತು?’ ಎಂದು ಕೇಳಿ. ಕೆರೆದಂತೆ, ತಡೆದಂತೆ, ಮೆಟ್ಟಿಲು ಹತ್ತಿದಂತೆ ಏನೇ ಅನಿಸಿದರೂ ಬಲ ಹಾಕಿ ಬಿಡಿಸಬೇಡಿ. ಪುಲ್ಲಿಯಿಂದ ಜಾರಿದ ಕೇಬಲ್ಲೋ ಎಳೆ ಬಿಟ್ಟ ಕೇಬಲ್ಲೋ ಇರಬಹುದು, ಪ್ಯಾನೆಲ್ ಬಿಚ್ಚದೆ ತಿಳಿಯುವುದಿಲ್ಲ. ಎಂಜಿನ್ ನಿಲ್ಲಿಸಿ, ಯಾವ ಸ್ಥಾನದಲ್ಲಿ ಹಾಗಾಯಿತೆಂದು ಟೆಕ್ ಲಾಗ್‌ನಲ್ಲಿ (ವಿಮಾನದ ದೋಷ, ರಿಪೇರಿ ಬರೆದಿಡುವ ಪುಸ್ತಕ) ಸ್ನ್ಯಾಗ್, ಅಂದರೆ ದೋಷ, ಬರೆದು, ಎಂಜಿನಿಯರ್ ಬಂದು ನೋಡುವವರೆಗೆ ಆ ವಿಮಾನವನ್ನು ಯಾರಿಗೂ ಕೊಡಬೇಡಿ.